ಫ್ರೇಮ್ ಕಮ್ಮಟ: ಓದುಗರ ಪ್ರಶ್ನೆ, ಕೆಲಸಗಾರರ ಉತ್ತರ

ಈ ಸಂಚಿಕೆಗೆ ಆಯ್ದ ಪ್ರಶ್ನೆಗಳೆಲ್ಲ ಉಕ್ಕಿನ ಟ್ಯೂಬುಗಳಿಂದ ಕೈಯಾರೆ ಸೈಕಲ್ ಫ್ರೇಮ್ ಕಟ್ಟುವವರಿಂದ ಬಂದವು. ಬೇರೆ ಹೇಳದ ಕಡೆ ಅಳತೆಗಳೆಲ್ಲ ಮಿಲಿಮೀಟರಿನಲ್ಲಿವೆ.

ಪ್ರಶ್ನೆ: ಮೊದಲ ಫ್ರೇಮ್ ಕಟ್ಟಲು ಹೊರಟಿದ್ದೇನೆ. ರಸ್ತೆ ಸೈಕಲ್ಲು, ಹಿತ್ತಾಳೆ ಬೆಸುಗೆ. ಹಗುರವಾಗಲಿ ಎಂದು 0.8/0.5/0.8 ದಪ್ಪದ ಟ್ಯೂಬ್ ತರಿಸಬಹುದೇ?

ಉತ್ತರ: ಬೇಡ. 4130 ಕ್ರೋಮೋಲಿಯ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕು) 0.9/0.6/0.9 ಡಬಲ್ ಬಟೆಡ್ ಟ್ಯೂಬ್ ತನ್ನಿ. ತುದಿಗಳಲ್ಲಿ ಗೋಡೆ 0.9, ನಡುವೆ 0.6. ಉಳಿತಾಯವನ್ನು ಲೆಕ್ಕ ಹಾಕಿ ನೋಡಿ. 31.8 ವ್ಯಾಸದ, 650 ಉದ್ದದ ಡೌನ್ ಟ್ಯೂಬಿನ (ಹ್ಯಾಂಡಲ್ ಬುಡದಿಂದ ಪೆಡಲ್ಲಿನ ಕಡೆಗೆ ಇಳಿಯುವುದು) ಗೋಡೆ 0.1 ತೆಳುವಾದರೆ ಕಡಿಮೆಯಾಗುವುದು ಸುಮಾರು 50 ಗ್ರಾಂ. ಮುಂದಿನ ತ್ರಿಕೋನದ ಮೂರೂ ಟ್ಯೂಬು ಸೇರಿ 125 ಗ್ರಾಂ ಆಸುಪಾಸು. ಅಷ್ಟಕ್ಕಾಗಿ ಟಾರ್ಚ್ ಸರಿಸಲು ಸಿಗುವ ಒಂದೆರಡು ಸೆಕೆಂಡಿನ ಅವಕಾಶವನ್ನು ಬಿಟ್ಟುಕೊಡುತ್ತೀರಿ. ಕೈ ಇನ್ನೂ ಪಳಗದವರಿಗೆ ಆ ಸೆಕೆಂಡುಗಳೇ ಮುಖ್ಯ.

ವ್ಯಾಸಗಳು ಹೀಗಿರಲಿ: ಟಾಪ್ ಟ್ಯೂಬ್ 28.6, ಡೌನ್ ಟ್ಯೂಬ್ 31.8, ಸೀಟ್ ಟ್ಯೂಬ್ 28.6, ಹೆಡ್ ಟ್ಯೂಬ್ (ಫೋರ್ಕ್ ಕೂರುವ ಮುಂದಿನ ಟ್ಯೂಬು) ಹೊರವ್ಯಾಸ 36, ಚೈನ್ ಸ್ಟೇ (ಕ್ರ್ಯಾಂಕಿನ ಕಡೆಯಿಂದ ಹಿಂದಿನ ಅಕ್ಷಕ್ಕೆ) 22.2, ಸೀಟ್ ಸ್ಟೇ (ಸೀಟಿನ ಕೆಳಗಿನಿಂದ ಹಿಂದಿನ ಅಕ್ಷಕ್ಕೆ) 14 ಅಥವಾ 16. ಬಿಗಿತ ಬೇಕೆನಿಸಿದರೆ ಗೋಡೆ ದಪ್ಪ ಮಾಡುವ ಬದಲು ವ್ಯಾಸ ಹೆಚ್ಚಿಸಿ. ಗೋಡೆ ಅಷ್ಟೇ ಇದ್ದಾಗ ಬಿಗಿತವು ವ್ಯಾಸದ ಘನದ ಲೆಕ್ಕದಲ್ಲಿ ಏರುತ್ತದೆ. 28.6ರಿಂದ 31.8ಕ್ಕೆ ಹೋದರೆ ತೂಕ ಶೇ. 11ರಷ್ಟು, ಬಿಗಿತ ಶೇ. 37ರಷ್ಟು ಹೆಚ್ಚು.

ಬಟೆಡ್ ಟ್ಯೂಬಿನಲ್ಲಿ ದಪ್ಪ ಭಾಗ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ತಯಾರಕರ ನಕ್ಷೆಯಲ್ಲಿ ನೋಡಿ, ಟ್ಯೂಬಿನ ಮೇಲೇ ಮಾರ್ಕರಿನಿಂದ ಗುರುತು ಹಾಕಿಕೊಳ್ಳಿ. ಚಿಕ್ಕ ಫ್ರೇಮ್ ಕಟ್ಟುವಾಗ ಒಂದೇ ತುದಿಯಿಂದ ಕತ್ತರಿಸುತ್ತ ಹೋದರೆ ಬೆಸುಗೆ 0.6ರ ಭಾಗದ ಮೇಲೆ ಬಂದು ಕೂರುತ್ತದೆ. ಮುಂದೆ ಬಿರುಕು ಬಿಡುವುದು ಆ ಬೆಸುಗೆಯ ಅಂಚಿನಲ್ಲೇ.

ಸೀಟ್ ಟ್ಯೂಬಿನ ವಿಷಯದಲ್ಲಿ ಇನ್ನೊಂದು ಲೆಕ್ಕವಿದೆ. 28.6 ಹೊರವ್ಯಾಸಕ್ಕೆ 27.2ರ ಸೀಟ್ ಪೋಸ್ಟ್ ಇಳಿಯಬೇಕಾದರೆ ಮೇಲ್ತುದಿಯ ಗೋಡೆ 0.7 ಮೀರುವಂತಿಲ್ಲ. 0.9ರ ತುದಿ ಮೇಲೆ ಬಂದರೆ ಒಳವ್ಯಾಸ 26.8 ಆಗುತ್ತದೆ, ಪೋಸ್ಟೂ ಅದೇ ಅಳತೆಯದು ಬೇಕು. ಕೊಳ್ಳುವ ಮೊದಲೇ ಇದನ್ನು ನಿರ್ಧರಿಸಿ.

ಪ್ರಶ್ನೆ: ಹೆಡ್ ಟ್ಯೂಬ್ ಕೋನ 73 ಡಿಗ್ರಿ ಇಟ್ಟು ನಕ್ಷೆ ಬರೆದಿದ್ದೇನೆ. ಫೋರ್ಕ್ ಆಮೇಲೆ ಕೊಳ್ಳೋಣ ಎಂದಿದ್ದೇನೆ. ತೊಂದರೆಯಿದೆಯೇ?

ಉತ್ತರ: ಇದೆ. ಫೋರ್ಕ್ ಕೈಯಲ್ಲಿಲ್ಲದೆ ಬರೆದ ನಕ್ಷೆ ಬರೀ ಅಂದಾಜು. ಚಕ್ರದ ಅಕ್ಷದಿಂದ ಕ್ರೌನಿನವರೆಗಿನ (ಫೋರ್ಕಿನ ಎರಡು ಕಾಲು ಕೂಡುವ ತಲೆ) ಉದ್ದ ನೀವು ಎಣಿಸಿದ್ದಕ್ಕಿಂತ 10 ಹೆಚ್ಚಿದ್ದರೆ ಹೆಡ್ ಕೋನ ಅರ್ಧ ಡಿಗ್ರಿಗೂ ಮಿಕ್ಕಿ ಮಲಗುತ್ತದೆ. ಜೊತೆಗೆ ಸೀಟ್ ಕೋನವೂ ಅಷ್ಟೇ ಮಲಗುತ್ತದೆ, ಬಾಟಮ್ ಬ್ರಾಕೆಟ್ (ಕ್ರ್ಯಾಂಕ್ ತಿರುಗುವ ಜಾಗ) ಸ್ವಲ್ಪ ಮೇಲೇರುತ್ತದೆ. 720 ಎತ್ತರದ ಸೀಟಿಗೆ ಒಂದು ಡಿಗ್ರಿ ವ್ಯತ್ಯಾಸವೆಂದರೆ ಸೀಟು ಹಿಂದೆ ಸರಿಯುವುದು 12ರಿಂದ 13.

ಹ್ಯಾಂಡಲ್ ಹೇಗೆ ನಡೆದುಕೊಳ್ಳುತ್ತದೆ ಎನ್ನುವುದನ್ನು ಹೆಡ್ ಕೋನವೊಂದೇ ಹೇಳುವುದಿಲ್ಲ. ಟ್ರೇಲ್ ಲೆಕ್ಕ ಹಾಕಬೇಕು, ಅಂದರೆ ಹ್ಯಾಂಡಲ್ ತಿರುಗುವ ಅಕ್ಷರೇಖೆ ನೆಲ ಮುಟ್ಟುವ ಜಾಗಕ್ಕಿಂತ ಟೈರು ನೆಲ ತಾಗುವ ಜಾಗ ಎಷ್ಟು ಹಿಂದಿದೆ ಎಂಬುದು. ಟೈರು ಸೇರಿದ ಚಕ್ರದ ತ್ರಿಜ್ಯವನ್ನು ಹೆಡ್ ಕೋನದ ಕೊಸೈನಿನಿಂದ ಗುಣಿಸಿ, ಫೋರ್ಕಿನ ಆಫ್‌ಸೆಟ್ (ಆ ಅಕ್ಷರೇಖೆಯಿಂದ ಚಕ್ರದ ಅಕ್ಷ ಮುಂದಿರುವ ದೂರ) ಕಳೆದು, ಬಂದದ್ದನ್ನು ಅದೇ ಕೋನದ ಸೈನಿನಿಂದ ಭಾಗಿಸಿ. 700x28 ಟೈರಿಗೆ ತ್ರಿಜ್ಯ 339, ಕೋನ 73, ಆಫ್‌ಸೆಟ್ 45 ಆದರೆ ಟ್ರೇಲ್ 56.6. ರಸ್ತೆ ಸೈಕಲ್ಲಿಗೆ ಇದು ಹಿತವಾದ ಅಳತೆ. 700x38 ಟೈರು, 71.5 ಡಿಗ್ರಿ, 50 ಆಫ್‌ಸೆಟ್ ಆದರೆ 64: ಕಚ್ಚಾ ದಾರಿಯಲ್ಲಿ ನೆಟ್ಟಗೆ ಹೋಗುತ್ತದೆ, ಇಕ್ಕಟ್ಟಿನಲ್ಲಿ ತಿರುಗಿಸಲು ತುಸು ಸೋಮಾರಿ.

ಕಾಲ್ಬೆರಳು ಮುಂದಿನ ಚಕ್ರಕ್ಕೆ ತಾಗುವುದನ್ನೂ ಇಲ್ಲೇ ನೋಡಿಬಿಡಿ. ಟೈರಿನ ತ್ರಿಜ್ಯ 339, ಕ್ರ್ಯಾಂಕ್ 170, ಪೆಡಲ್ ಅಕ್ಷದಿಂದ ಬೂಟಿನ ತುದಿಗೆ ಸುಮಾರು 100. ಬಾಟಮ್ ಬ್ರಾಕೆಟ್ಟಿನಿಂದ ಮುಂದಿನ ಅಕ್ಷದ ದೂರ ಈ ಮೊತ್ತಕ್ಕಿಂತ ಕಡಿಮೆ ಬಂದರೆ ನಿಧಾನವಾಗಿ ತಿರುಗಿಸುವಾಗ ಬೂಟು ತಾಗುತ್ತದೆ. ಚಿಕ್ಕ ಫ್ರೇಮಿನಲ್ಲಿ ಇದನ್ನು ಪೂರ್ತಿ ತಪ್ಪಿಸಲು 700ರ ಚಕ್ರ ಬಿಟ್ಟು 650ರದ್ದು ಹಾಕುವುದೇ ನೇರವಾದ ದಾರಿ. ಹೆಡ್ ಕೋನವನ್ನು ವಿಪರೀತ ಮಲಗಿಸಿ ತಪ್ಪಿಸಲು ಹೋದವರ ಸೈಕಲ್ಲು ಓಡಿಸಲು ಚೆನ್ನಾಗಿರುವುದಿಲ್ಲ.

ಪ್ರಶ್ನೆ: ಕೈ ಅರದಿಂದಲೇ ಮೈಟರ್ (ಇನ್ನೊಂದು ಟ್ಯೂಬಿಗೆ ಕೂರುವಂತೆ ತುದಿಯ ಬಾಗಿದ ಕತ್ತರಿಕೆ) ಮಾಡುತ್ತಿದ್ದೇನೆ. ಎಷ್ಟು ಉಜ್ಜಿದರೂ ಒಂದು ಕಡೆ ಅರ್ಧ ಮಿಲಿಮೀಟರ್ ಸಂದು ಉಳಿಯುತ್ತದೆ. ಹಿತ್ತಾಳೆ ಹೇಗೂ ತುಂಬಿಕೊಳ್ಳುತ್ತದಲ್ಲ?

ಉತ್ತರ: ತುಂಬಿಕೊಳ್ಳುತ್ತದೆ, ನಿಮ್ಮ ಫ್ರೇಮನ್ನೂ ಎಳೆದುಕೊಳ್ಳುತ್ತದೆ. ಕರಗಿದ ಲೋಹ ಆರುವಾಗ ಕುಗ್ಗುತ್ತದೆ. ಟ್ಯೂಬು ಟ್ಯೂಬಿಗೆ ತಾಗಿಯೇ ಕೂತಿದ್ದರೆ ಕುಗ್ಗಲು ಜಾಗವಿರುವುದಿಲ್ಲ; ಸಂದು ಇದ್ದರೆ ಆ ಬದಿಗೆ ಜಗ್ಗುತ್ತದೆ. ಹೆಡ್ ಟ್ಯೂಬಿನ ಮೇಲೆ ಟಾಪ್ ಟ್ಯೂಬಿಗೂ ಡೌನ್ ಟ್ಯೂಬಿಗೂ ನಡುವೆ 100 ಅಂತರವಿದ್ದು, ಟಾಪ್ ಟ್ಯೂಬ್ 1 ಕಡಿಮೆಯಾದರೆ ಹೆಡ್ ಕೋನ ಅರ್ಧ ಡಿಗ್ರಿಗಿಂತ ಹೆಚ್ಚು ಬದಲಾಗುತ್ತದೆ. ಜಿಗ್ (ಟ್ಯೂಬುಗಳನ್ನು ಜಾಗದಲ್ಲಿ ಹಿಡಿಯುವ ಚೌಕಟ್ಟು) ಗಟ್ಟಿಯಾಗಿ ಹಿಡಿದಿದ್ದರೆ? ಆಗ ಎಳೆತ ಒಳಗೇ ಉಳಿಯುತ್ತದೆ, ಜಿಗ್‌ನಿಂದ ತೆಗೆದ ಕೂಡಲೇ ಫ್ರೇಮ್ ಸರಿಯುತ್ತದೆ.

ಫಿಲೆಟ್ ಬ್ರೇಜಿಂಗಿಗೆ (ಮೂಲೆಯಲ್ಲಿ ಹಿತ್ತಾಳೆಯ ದಿಂಡು ಕಟ್ಟುವ ಬೆಸುಗೆ) ಸಂದು 0.2 ಮೀರದಿರಲಿ. ಟಿಗ್ ವೆಲ್ಡಿಂಗಿಗಾದರೆ (ವಿದ್ಯುತ್ ಕಿಡಿಯಿಂದ ಟ್ಯೂಬನ್ನೇ ಕರಗಿಸಿ ಕೂಡಿಸುವುದು) ಹಿಂದೆ ದೀಪ ಹಿಡಿದಾಗ ಬೆಳಕಿನ ಗೆರೆ ಕಾಣಲೇಬಾರದು.

ಅರ್ಧ ಮಿಲಿಮೀಟರ್ ಉಳಿಯಲು ಸಾಮಾನ್ಯವಾಗಿ ಮೂರರಲ್ಲಿ ಒಂದು ಕಾರಣ. ಮೊದಲನೆಯದು ಅರದ ದುಂಡು. 36ರ ಹೆಡ್ ಟ್ಯೂಬಿಗೆ ಕೂರಬೇಕಾದ ಬಾಯನ್ನು ಅದಕ್ಕಿಂತ ಹೆಚ್ಚು ಬಾಗಿದ ಸಣ್ಣ ಅರದಿಂದ ಉಜ್ಜಿದರೆ ಕಣಿವೆ ಆಳವಾಗಿ ಬದಿಗಳು ಎದ್ದು ನಿಲ್ಲುತ್ತವೆ. ಕೊನೆಯ ಹಂತದಲ್ಲಿ ಅದೇ 36ರ ಟ್ಯೂಬಿನ ತುಂಡಿಗೆ ಒರಟು ಎಮರಿ ಬಟ್ಟೆ ಸುತ್ತಿ, ಕೂಡುವ ಕೋನದಲ್ಲೇ ಹಿಡಿದು ಉಜ್ಜಿ. ಎಮರಿಯ ದಪ್ಪದಷ್ಟು ವ್ಯಾಸ ಹೆಚ್ಚಾಗುತ್ತದೆ, ಅದು ತೊಂದರೆ ಕೊಡುವಷ್ಟಲ್ಲ. ಎರಡನೆಯದು ಒಳಗಿನ ಚೂಪು. ಓರೆಯಾಗಿ ಕೂಡುವ ಕಡೆ ಟ್ಯೂಬಿನ ಒಳಅಂಚು ಮೊದಲು ತಾಗಿ ಹೊರಅಂಚನ್ನು ಎತ್ತಿ ಹಿಡಿಯುತ್ತದೆ. ಒಳಗಿನ ಬರ್ (ಕತ್ತರಿಸಿದಾಗ ಉಳಿದ ಚೂಪು ಸಿಬಿರು) ತೆಗೆಯಿರಿ, ಕಾಗದದಷ್ಟು ತೆಳುವಾದ ಚುಂಚನ್ನು ಅರ್ಧ ಮಿಲಿಮೀಟರ್ ಮೊಂಡು ಮಾಡಿ. ಅಂಥ ಚುಂಚು ಬಿಸಿಗೆ ಎಲ್ಲಕ್ಕಿಂತ ಮೊದಲು ಸುಡುವ ಜಾಗ ಕೂಡ. ಮೂರನೆಯದು ಎರಡು ತುದಿಗಳ ತಿರುಚು: ಒಂದೊಂದು ಬಾಯಿಯೂ ಸರಿ, ಆದರೆ ಒಂದಕ್ಕೊಂದು ಸಾಲಿನಲ್ಲಿಲ್ಲ. ಟ್ಯೂಬಿನ ಮೇಲೆ ಎಲ್ ಆಕಾರದ ಆ್ಯಂಗಲ್ ಪಟ್ಟಿಯನ್ನು ಕವುಚಿ ಇಟ್ಟರೆ ಅದರ ಅಂಚು ತಾನಾಗಿ ಅಕ್ಷಕ್ಕೆ ಸಮಾನಾಂತರ ನಿಲ್ಲುತ್ತದೆ. ಆ ಅಂಚಿಗೆ ಗೀಚಿದ ಗೆರೆಯೇ ಎರಡು ಕಡೆಯ ಕಾಗದದ ಮಾದರಿಗೂ ಆಧಾರ.

ಕಾಗದದ ಮಾದರಿ ಸರಿಯಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ. 28.6ರ ಟ್ಯೂಬು 36ರ ಟ್ಯೂಬಿಗೆ ಲಂಬವಾಗಿ ಕೂಡುವ ಮಾದರಿಯನ್ನು ಬರೆಯಿರಿ. ಚುಂಚಿನಿಂದ ಕಣಿವೆಗೆ ಆಳ 7.1 ಬರಬೇಕು. ಬಾರದಿದ್ದರೆ ಮುದ್ರಕ ಅಳತೆಯನ್ನು ಹಿಗ್ಗಿಸಿದೆ ಅಥವಾ ಕುಗ್ಗಿಸಿದೆ.

ಗರಗಸದಲ್ಲಿ ಕತ್ತರಿಸುವಾಗ 1 ಉದ್ದ ಬಿಟ್ಟು, ಉಳಿದದ್ದನ್ನು ಅರಕ್ಕೆ ಕೊಡಿ. ಟ್ಯೂಬನ್ನು ವೈಸಿನ ಬಾಯಲ್ಲಿ ನೇರ ಹಿಡಿಯಬೇಡಿ. ಅದೇ ವ್ಯಾಸದ ತೂತು ಕೊರೆದು ಸೀಳಿದ ಮರದ ಅಚ್ಚಿನಲ್ಲಿ ಹಿಡಿಯಿರಿ. 0.6ರ ಗೋಡೆ ಜಜ್ಜಿದರೆ ಮತ್ತೆ ಏಳುವುದಿಲ್ಲ.

ಪ್ರಶ್ನೆ: ಫಿಲೆಟ್ ನಯ ಮಾಡುವಾಗ ಸೂಜಿಮೊನೆಯಂಥ ತೂತುಗಳು ಕಾಣುತ್ತಿವೆ. ಬೆಸುಗೆ ಹಾಕುವಾಗ ಬಿಳಿ ಹೊಗೆಯೂ ಬರುತ್ತಿತ್ತು.

ಉತ್ತರ: ಹೊಗೆಯೇ ಕಾರಣ ಹೇಳುತ್ತಿದೆ. ಬ್ರೇಜಿಂಗ್ ಹಿತ್ತಾಳೆ ಹರಿಯುವುದು 870ರಿಂದ 890 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ. ಅದರೊಳಗಿನ ಸತು ಕುದಿಯುವುದು 907ಕ್ಕೆ. ನಡುವಿನ ಅಂತರ ಅಷ್ಟೇ. ಬಿಳಿ ಹೊಗೆಯೆಂದರೆ ಆವಿಯಾದ ಸತು ಗಾಳಿಯಲ್ಲಿ ಆಕ್ಸೈಡ್ ಆಗುತ್ತಿದೆ ಎಂದರ್ಥ, ಆ ಗುಳ್ಳೆಗಳೇ ತೂತು. ಅದನ್ನು ಉಸಿರಾಡಿದರೆ ಕೆಲವು ಗಂಟೆಗಳ ನಂತರ ಚಳಿಜ್ವರ ಬರುತ್ತದೆ, ಆದ್ದರಿಂದ ಹೊಗೆ ಎಳೆಯುವ ಫ್ಯಾನ್ ಇಲ್ಲದೆ ಕೂರಬೇಡಿ.

ಹದ ಹಿಡಿಯುವ ಕ್ರಮ ಹೀಗೆ. ಬೆಸುಗೆಯ ಎರಡೂ ಬದಿಗೆ 20ರಷ್ಟು ಅಗಲ, ಒಳಗೂ ಹೊರಗೂ, ಎಮರಿಯಿಂದ ಹೊಳೆಯುವಂತೆ ಉಜ್ಜಿ ಅಸಿಟೋನಿನಿಂದ ಒರೆಸಿ. ಆಮೇಲೆ ಬೆರಳು ತಾಗಿಸಬೇಡಿ. ಫ್ಲಕ್ಸನ್ನು (ಬಿಸಿಯಲ್ಲಿ ಉಕ್ಕಿಗೆ ಆಕ್ಸೈಡ್ ಕಟ್ಟದಂತೆ ಕಾಯುವ ಲೇಪ) ಒಳಗೂ ಬಳಿಯಿರಿ. ಜ್ವಾಲೆ ಮೊದಲು ದಪ್ಪ ಭಾಗಕ್ಕೆ ಹೋಗಲಿ. ಬಿಬಿ (ಬಾಟಮ್ ಬ್ರಾಕೆಟ್) ಶೆಲ್ಲಿಗೆ ಟ್ಯೂಬು ಕೂಡುವ ಕಡೆ ಹೆಚ್ಚಿನ ಹೊತ್ತು ಶೆಲ್ಲಿನ ಮೇಲೇ ಇರಬೇಕು, ಟ್ಯೂಬಿಗೆ ಆಗಾಗ ಬೀಸಿದರೆ ಸಾಕು. ಫ್ಲಕ್ಸ್ ಮೊದಲು ನೊರೆಗಟ್ಟಿ, ಆಮೇಲೆ ಗಾಜಿನಂತೆ ತಿಳಿಯಾಗಿ ಹರಿಯುತ್ತದೆ. ಉಕ್ಕು ಮಂಕು ಕಿತ್ತಳೆ ಬಣ್ಣಕ್ಕೆ ಬಂದಾಗ ಕಡ್ಡಿ ತಾಗಿಸಿ. ಕಡ್ಡಿ ಕರಗಬೇಕಾದದ್ದು ಉಕ್ಕಿನ ಬಿಸಿಗೆ, ಜ್ವಾಲೆಗಲ್ಲ. ಜ್ವಾಲೆಗೆ ಕರಗಿದ ಹಿತ್ತಾಳೆ ಉಕ್ಕಿನ ಮೇಲೆ ಗುಂಡಗೆ ನಿಲ್ಲುತ್ತದೆ, ಹಿಡಿಯುವುದಿಲ್ಲ. ಮೊದಲ ಸುತ್ತಿನಲ್ಲಿ ಸಂದಿನೊಳಕ್ಕೆ ತೆಳುವಾಗಿ ಹರಿಸಿ, ಎರಡನೆಯ ಸುತ್ತಿನಲ್ಲಿ ಫಿಲೆಟ್ ಕಟ್ಟಿ.

ಕೋಣೆಯ ಬೆಳಕು ಹೆಚ್ಚಿದ್ದರೆ ಬಣ್ಣ ಮೋಸ ಮಾಡುತ್ತದೆ. ಬಿಸಿಲು ನೇರ ಬೀಳುವ ಕಡೆ ಕಿತ್ತಳೆ ಕಾಣಿಸುವ ಹೊತ್ತಿಗೆ ಹದ ಮೀರಿರುತ್ತದೆ.

ಹೊಗೆಯಿಲ್ಲದೆಯೂ ತೂತು ಬಿದ್ದರೆ ಗಾಳಿಕಿಂಡಿ ಇದೆಯೇ ನೋಡಿ. ಟಾಪ್ ಟ್ಯೂಬಿನ ಎರಡೂ ಬಾಯಿ ಮುಚ್ಚಿದ ಮೇಲೆ ಒಳಗಿನ ಗಾಳಿ ಹಿಗ್ಗಿ, ಕರಗಿದ ಹಿತ್ತಾಳೆಯನ್ನೇ ತೂರಿಕೊಂಡು ಬರುತ್ತದೆ. ಕೂಡುವ ಮೊದಲೇ ಹೆಡ್ ಟ್ಯೂಬು, ಸೀಟ್ ಟ್ಯೂಬುಗಳ ಗೋಡೆಯಲ್ಲಿ, ಮೈಟರಿನೊಳಗೆ ಅಡಗುವಂತೆ, 3ರಿಂದ 4ರ ಕಿಂಡಿ ಕೊರೆಯಿರಿ. ಸ್ಟೇಗಳಿಗೂ ಒಂದೊಂದು ಬೇಕು.

ಅತಿಬಿಸಿಯ ಇನ್ನೊಂದು ಅಪಾಯ ಕಣ್ಣಿಗೆ ಕಾಣದು. ಬಿಗಿಯಾಗಿ ಎಳೆದು ಹಿಡಿದ ಕ್ರೋಮೋಲಿ ವಿಪರೀತ ಕಾದಾಗ ದ್ರವ ಹಿತ್ತಾಳೆ ಉಕ್ಕಿನ ಕಣಗಳ ನಡುವೆ ನುಸುಳಿ ಬಿರುಕು ತರುತ್ತದೆ. ಆದ್ದರಿಂದ ಜಿಗ್‌ನಲ್ಲಿ ಟ್ಯಾಕ್ (ಹಿಡಿದು ನಿಲ್ಲಿಸುವಷ್ಟು ಚುಕ್ಕೆ ಬೆಸುಗೆ) ಮಾತ್ರ ಹಾಕಿ. ಪೂರ್ತಿ ಬೆಸುಗೆಯನ್ನು ಫ್ರೇಮ್ ಸಡಿಲವಾಗಿರುವಾಗಲೇ ಹಾಕಿ.

ಪ್ರಶ್ನೆ: ಲಗ್ (ಟ್ಯೂಬುಗಳ ತುದಿ ತೂರುವ ಕೂಡುತೋಳು) ಫ್ರೇಮಿಗೆ ಬೆಳ್ಳಿಯೋ ಹಿತ್ತಾಳೆಯೋ?

ಉತ್ತರ: ಲಗ್ ಎಷ್ಟು ಬಿಗಿಯಾಗಿ ಕೂರುತ್ತದೆ ಎಂಬುದೇ ತೀರ್ಮಾನಿಸುತ್ತದೆ. ಬೆಳ್ಳಿ ಸಂದು ತುಂಬುವುದಿಲ್ಲ, ಸಂದಿನಲ್ಲಿ ಏರುತ್ತದೆ, ಅದಕ್ಕೆ 0.05ರಿಂದ 0.12 ಅಂತರ ಬೇಕು. ಎರಕದ ಲಗ್ಗುಗಳಲ್ಲಿ ಇದು ಸಾಧ್ಯ, ಒತ್ತಿ ಮಾಡಿದ ಸಡಿಲ ಲಗ್ಗಿಗೆ ಹಿತ್ತಾಳೆಯೇ ಸರಿ. ಶೇ. 56 ಬೆಳ್ಳಿಯ ಕಡ್ಡಿ ಕರಗುವುದು 618ರಿಂದ 652 ಡಿಗ್ರಿಯ ನಡುವೆ, ಉಕ್ಕು ಕೆಂಪಾಗಲು ಆಗಷ್ಟೇ ಶುರುವಾಗುವ ಹೊತ್ತು. ಕ್ಯಾಡ್ಮಿಯಂ ಬೆರೆತ ಶೇ. 45ರ ಕಡ್ಡಿ ಇನ್ನೂ ಸಲೀಸಾಗಿ ಹರಿಯುತ್ತದೆ. ಆದರೆ ಅದರ ಹೊಗೆ ಶ್ವಾಸಕೋಶಕ್ಕೆ ಮಾರಕ, ಕಮ್ಮಟಕ್ಕೆ ತರಲೇಬೇಡಿ.

ಎರಡನ್ನೂ ಬಳಸುವುದಾದರೆ ಹಿತ್ತಾಳೆ ಕೆಲಸ ಮೊದಲು, ಬೆಳ್ಳಿ ಆಮೇಲೆ. ಬೆಳ್ಳಿ ಹಿಡಿದ ಜಾಗವನ್ನು ಹಿತ್ತಾಳೆಯ ಬಿಸಿಗೆ ಏರಿಸಿದರೆ ಆ ಬೆಸುಗೆ ಕೆಟ್ಟಂತೆಯೇ. ಎರಡರ ಫ್ಲಕ್ಸೂ ಬೇರೆ ಬೇರೆ. ಬೆಳ್ಳಿಯದ್ದು ಹಿತ್ತಾಳೆಯ ಬಿಸಿಯಲ್ಲಿ ಸುಟ್ಟು ಕಪ್ಪಾಗುತ್ತದೆ. ಬಾಟಲಿ ಗೂಡಿನ ಸ್ಕ್ರೂ ಕೂರುವ ಬಾಸ್‌ಗಳು ಟ್ಯೂಬಿನ ತೆಳು ನಡುವಿನಲ್ಲಿ ಬರುವುದರಿಂದ ಅವಕ್ಕೆ ಯಾವಾಗಲೂ ಬೆಳ್ಳಿ. ಎರಡು ಬಾಸ್‌ಗಳ ನಡುವಿನ ಅಂತರ 64.

ಪ್ರಶ್ನೆ: ಅಸಿಟಿಲೀನ್ ಬದಲು ಪ್ರೊಪೇನ್ ಆಗುತ್ತದೆಯೇ?

ಉತ್ತರ: ಆಮ್ಲಜನಕದ ಜೊತೆ ಆಗುತ್ತದೆ, ಬ್ರೇಜಿಂಗಿಗೆ ಬೇಕಾದಷ್ಟು ಬಿಸಿ ಕೊಡುತ್ತದೆ. ಉಕ್ಕನ್ನೇ ಕರಗಿಸುವ ಗ್ಯಾಸ್ ವೆಲ್ಡಿಂಗಿಗೆ ಆಗದು. ಜ್ವಾಲೆ ಅಗಲವಾಗಿ ಹರಡುವುದರಿಂದ ಲಗ್ಗಿಗೆ ಚೆನ್ನ, ಸಣ್ಣ ಮೂಲೆಯ ಫಿಲೆಟ್ಟಿಗೆ ಕೈ ಪಳಗಬೇಕು. ನಾಜಲ್ ಪ್ರೊಪೇನಿನದ್ದೇ ಇರಲಿ. ಆಮ್ಲಜನಕ ಹೆಚ್ಚು ಕುಡಿಯುತ್ತದೆ, ಪ್ರೊಪೇನಿನ ನಾಲ್ಕು ಪಟ್ಟಿನಷ್ಟು. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ಮಡುಗಟ್ಟುತ್ತದೆ. ನೆಲಮಾಳಿಗೆಯಲ್ಲಿ ಬೇಡ. ಅಸಿಟಿಲೀನ್ ಬಳಸುವವರು ಒತ್ತಡವನ್ನು 1 ಬಾರ್ ದಾಟಿಸಬಾರದು. ಎರಡೂ ಪೈಪಿಗೆ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ (ಜ್ವಾಲೆ ಪೈಪಿನೊಳಕ್ಕೆ ಹಿಮ್ಮರಳದಂತೆ ತಡೆಯುವುದು) ಇರಲೇಬೇಕು, ಆಮ್ಲಜನಕದ ರೆಗ್ಯುಲೇಟರಿಗೆ ಎಣ್ಣೆಯ ಕೈ ತಾಗಲೇಬಾರದು.

ಪ್ರಶ್ನೆ: ಹಿಂದಿನ ಚಕ್ರ ಚೈನ್ ಸ್ಟೇಗಳ ನಡುವೆ ಸರಿಯಾಗಿ ಮಧ್ಯದಲ್ಲಿದೆ. ಆದರೆ ಸೀಟ್ ಸ್ಟೇಗಳ ನಡುವೆ ಎಡಕ್ಕೆ 4 ವಾಲುತ್ತದೆ. ಬೆಸುಗೆಯೆಲ್ಲ ಮುಗಿದಿದೆ. ಬಗ್ಗಿಸಿ ಸರಿ ಮಾಡಬಹುದೇ?

ಉತ್ತರ: ಬಗ್ಗಿಸುವ ಮೊದಲು ಚಕ್ರವನ್ನು ತಿರುವಿ ಹಾಕಿ ನೋಡಿ. ವಾಲುವುದು ಈಗ ಬಲಕ್ಕಾದರೆ ತಪ್ಪು ಚಕ್ರದ್ದು, ಫ್ರೇಮಿನದಲ್ಲ. ತಿರುವಿದರೂ ಎಡಕ್ಕೇ ವಾಲಿದರೆ ಎರಡು ಡ್ರಾಪ್ಔಟುಗಳ (ಅಕ್ಷ ಕೂರುವ ಸೀಳಿರುವ ತುದಿತುಂಡು) ಎತ್ತರ ಬೇರೆ ಬೇರೆ: ಬಲದ್ದು ಮೇಲಿದೆ ಅಥವಾ ಎಡದ್ದು ಕೆಳಗಿದೆ.

130 ಅಂತರದ ಡ್ರಾಪ್ಔಟಿನಲ್ಲಿ ಒಂದು ಬದಿ 1 ಏರುಪೇರಾದರೆ ಚಕ್ರದ ಅಂಚು 2.6 ವಾಲುತ್ತದೆ. ನಿಮ್ಮ 4ಕ್ಕೆ ಕಾರಣವಾದ ಏರುಪೇರು ಸುಮಾರು 1.5. ಎಡ ಸೀಳಿನ ತಲೆಯನ್ನು ಅರದಿಂದ ಆಳ ಮಾಡಿದರೆ ಅಕ್ಷದ ಆ ತುದಿ ಮೇಲೇರಿ ಚಕ್ರ ನೆಟ್ಟಗಾಗುತ್ತದೆ, ಆದರೆ 0.5 ದಾಟಿದರೆ ಸೀಳು ಅಂದಗೆಡುತ್ತದೆ, ಚಕ್ರ ಹಾಕುವಾಗಲೆಲ್ಲ ಅಕ್ಷ ತಡಕಾಡುತ್ತದೆ. 1.5ಕ್ಕೆ ಸರಿಯಾದ ಮದ್ದು ಎಡ ಸೀಟ್ ಸ್ಟೇಯ ಮೇಲಿನ ಬೆಸುಗೆಯನ್ನು ಮತ್ತೆ ಕಾಯಿಸಿ, ಬೇಕಾದಷ್ಟು ಮೇಲಕ್ಕೆ ಜಾರಿಸುವುದು. ಎಡ ಸ್ಟೇ ಉದ್ದವಾದ್ದರಿಂದಲೇ ಡ್ರಾಪ್ಔಟ್ ಕೆಳಗೆ ತಳ್ಳಿಸಿಕೊಂಡಿದೆ. ಬ್ರಿಡ್ಜ್ (ಎರಡು ಸೀಟ್ ಸ್ಟೇಗಳ ನಡುವಿನ ಅಡ್ಡತುಂಡು) ಬೆಸೆದಿದ್ದರೆ ಅದನ್ನು ಮೊದಲು ಬಿಡಿಸಬೇಕಾಗುತ್ತದೆ. ಬ್ರಿಡ್ಜನ್ನು ಎಲ್ಲಕ್ಕಿಂತ ಕೊನೆಗೆ, ಚಕ್ರ ಹಾಕಿ ನೋಡಿದ ಮೇಲೆಯೇ ಬೆಸೆಯಬೇಕೆನ್ನುವುದು ಇದಕ್ಕೇ.

ಬಗ್ಗಿಸಿ ಸರಿ ಮಾಡಬಹುದಾದದ್ದು ಇನ್ನೊಂದು ಬಗೆಯ ತಪ್ಪು, ಅಂದರೆ ಹಿಂದಿನ ತ್ರಿಕೋನವಿಡೀ ಪಕ್ಕಕ್ಕೆ ಸರಿದಿರುವುದು. ಅದನ್ನು ದಾರದಿಂದ ಕಂಡುಹಿಡಿಯಬಹುದು. ಒಂದು ಡ್ರಾಪ್ಔಟಿಗೆ ಗಂಟು ಹಾಕಿ, ಹೆಡ್ ಟ್ಯೂಬ್ ಸುತ್ತಿಸಿ, ಇನ್ನೊಂದು ಡ್ರಾಪ್ಔಟಿಗೆ ಬಿಗಿಯಾಗಿ ಎಳೆದು ಕಟ್ಟಿ. ಸೀಟ್ ಟ್ಯೂಬಿನಿಂದ ದಾರಕ್ಕೆ ಎರಡೂ ಬದಿ ಅಳೆಯಿರಿ. ವ್ಯತ್ಯಾಸ ಎಷ್ಟೋ, ಹೆಚ್ಚುಕಡಿಮೆ ಅಷ್ಟೇ ದೂರ ಹಿಂಭಾಗ ಸರಿದಿದೆ. 1ರೊಳಗಿದ್ದರೆ ಬಿಟ್ಟುಬಿಡಿ. 3ರವರೆಗೆ 4130ರ ಸ್ಟೇಗಳನ್ನು ತಣ್ಣಗಿರುವಾಗಲೇ ಬಗ್ಗಿಸಬಹುದು. ರೆನಾಲ್ಡ್ಸ್ 853ರಂಥ ಉಷ್ಣೋಪಚಾರದ ಟ್ಯೂಬುಗಳು ಬಗ್ಗಿದಂತೆ ಕಂಡು ಹಿಂದಕ್ಕೆ ಪುಟಿಯುತ್ತವೆ.

ಮುಂದಿನ ಫ್ರೇಮಿಗೆ ಕ್ರಮ: ಸೀಟ್ ಟ್ಯೂಬನ್ನು ಬಿಬಿ ಶೆಲ್ಲಿಗೆ ಬೆಸೆದು, ಶೆಲ್ಲಿನ ಮುಖಕ್ಕೆ ಮೂಲೆಮಟ್ಟವಿಟ್ಟು ಲಂಬ ನೋಡಿ. ಆಮೇಲೆ ಮುಂದಿನ ತ್ರಿಕೋನ. ನಂತರ ಅಂತರದ ಅಳತೆಯ ಡಮ್ಮಿ ಅಕ್ಷ ಬಿಗಿದು ಚೈನ್ ಸ್ಟೇ, ಕೊನೆಗೆ ಸೀಟ್ ಸ್ಟೇ. ಪ್ರತಿ ಬೆಸುಗೆಯನ್ನೂ ಕಾಲು ಸುತ್ತು ಹಾಕಿ, ಎದುರಿನ ಕಾಲು ಸುತ್ತಿಗೆ ಹೋಗಿ. ಒಂದೇ ಕಡೆಯಿಂದ ಸುತ್ತುತ್ತ ಬಂದರೆ ಟ್ಯೂಬು ವಾಲುವುದು ಖಂಡಿತ. ಇನ್ನೊಂದು ಎಚ್ಚರಿಕೆ: ಬಿಬಿ ಶೆಲ್ಲಿನ ಬಲಬದಿಗೆ ಎಡಮರೆ (ಹಿಮ್ಮುಖ ಸ್ಕ್ರೂ ಸುತ್ತು) ಇರುತ್ತದೆ. ಶೆಲ್ಲನ್ನು ಹಿಂದುಮುಂದಾಗಿ ಬೆಸೆದವರು ಕಡಿಮೆಯೇನಿಲ್ಲ. ಬಲಬದಿಗೆ ಪಂಚಿನಿಂದ ಚುಕ್ಕೆ ಹಾಕಿ, ಮಾರ್ಕರ್ ಗುರುತು ಬಿಸಿಗೆ ಸುಟ್ಟು ಹೋಗುತ್ತದೆ.

ಪ್ರಶ್ನೆ: ರಿಮ್ ಬ್ರೇಕಿಗೆಂದು ತಂದ ಫೋರ್ಕ್ ಬ್ಲೇಡುಗಳಿಗೆ ಡಿಸ್ಕ್ ಮೌಂಟ್ ಬೆಸೆಯಬಹುದೇ?

ಉತ್ತರ: ಬೇಡ. ರಿಮ್ ಬ್ರೇಕಿನ ಹೊರೆ ಕ್ರೌನಿನಲ್ಲಿ, ಡಿಸ್ಕ್ ಬ್ರೇಕಿನದ್ದು ಎಡ ಬ್ಲೇಡಿನ ತುದಿಯಲ್ಲಿ. ರಿಮ್ ಬ್ರೇಕಿನ ಬ್ಲೇಡು ತೆಳುವಾಗಿ ಸಪೂರವಾಗುವುದು ಸರಿಯಾಗಿ ಅಲ್ಲೇ. ಜೊತೆಗೆ ಕ್ಯಾಲಿಪರ್ ಬ್ಲೇಡಿನ ಹಿಂದಿರುವುದರಿಂದ ಬ್ರೇಕ್ ಹಿಡಿದಾಗ ಅಕ್ಷ ಕೆಳಮುಖವಾಗಿ ಸೀಳಿನಿಂದ ಹೊರಬೀಳಲು ನೋಡುತ್ತದೆ. ಡಿಸ್ಕಿಗೆಂದೇ ಮಾಡಿದ ದಪ್ಪ ಬ್ಲೇಡು ಮತ್ತು 12ರ ಥ್ರೂ ಆಕ್ಸಲ್ (ಸೀಳಿನಲ್ಲಲ್ಲ, ತೂತಿನಲ್ಲಿ ತೂರುವ ಅಕ್ಷ) ತನ್ನಿ. ಹಿಂಭಾಗದಲ್ಲಾದರೆ ಮೌಂಟನ್ನು ಎರಡು ಸ್ಟೇಗಳ ನಡುವೆ ಕೂರಿಸಿ, ಒಂದು ಸಣ್ಣ ಅಡ್ಡಪಟ್ಟಿಯಿಂದ ಹೊರೆಯನ್ನು ಎರಡಕ್ಕೂ ಹಂಚಿ. ಬೋಲ್ಟುಗಳ ಅಂತರ ಐಎಸ್ ಮೌಂಟಿಗೆ 51, ಪೋಸ್ಟ್ ಮೌಂಟಿಗೆ 74. ಬಿಸಿಗೆ ಮುಖ ತಿರುಚುವುದರಿಂದ ಕೊನೆಗೆ ಫೇಸಿಂಗ್ (ಮುಖವನ್ನು ಸಮತಟ್ಟಾಗಿ ಕೆರೆಯುವುದು) ಮಾಡದೆ ಬಿಟ್ಟರೆ ಬ್ರೇಕು ಕಿರುಗುಟ್ಟುವುದು ನಿಲ್ಲುವುದಿಲ್ಲ.

ಪ್ರಶ್ನೆ: ಇದೇ ಸಲಕರಣೆಯಲ್ಲಿ ಅಲ್ಯೂಮಿನಿಯಂ ಫ್ರೇಮ್?

ಉತ್ತರ: ಆಗುವುದಿಲ್ಲ. ಎಸಿ ಟಿಗ್ ಬೇಕು. 6061 ಆದರೆ ವೆಲ್ಡಿಂಗ್ ನಂತರ ಇಡೀ ಫ್ರೇಮನ್ನು 530 ಡಿಗ್ರಿ ಸುಮಾರಿಗೆ ಕಾಯಿಸಿ, ನೀರಿಗೆ ಇಳಿಸಿ, ಮತ್ತೆ ಗಂಟೆಗಟ್ಟಲೆ ಕಡಿಮೆ ಬಿಸಿಯಲ್ಲಿ ಹದ ಮಾಡಬೇಕು. ಸಣ್ಣ ಕಮ್ಮಟದ ಕೆಲಸವಲ್ಲ.

ಪ್ರಶ್ನೆ: ಬೆಸುಗೆ ಮುಗಿದ ಮೇಲೆ, ಬಣ್ಣಕ್ಕೆ ಮೊದಲು ಏನೇನು ಮಾಡಬೇಕು?

ಉತ್ತರ: ಫ್ರೇಮ್ ತಾನಾಗಿ ಆರಲಿ, ನೀರು ಸುರಿದು ಆರಿಸಬೇಡಿ. ಆಮೇಲೆ ಬಿಸಿನೀರಿನಲ್ಲಿ ನೆನೆಹಾಕಿ. ಬೆಳ್ಳಿಯ ಫ್ಲಕ್ಸ್ ಬೇಗ ಬಿಡುತ್ತದೆ, ಹಿತ್ತಾಳೆಯದ್ದು ಗಾಜಿನಂತೆ ಕಚ್ಚಿಕೊಂಡಿರುವುದರಿಂದ ಕೆಲವು ಗಂಟೆ ಬೇಕು. ಒಳಗೆ ಉಳಿದ ಫ್ಲಕ್ಸ್ ತೇವ ಹೀರಿ ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ.

ಬಿಬಿ ಶೆಲ್ಲಿನ ಮರೆಗೆ 1.37 ಇಂಚು, ಇಂಚಿಗೆ 24 ಸುತ್ತಿನ ಟ್ಯಾಪ್ ಹಾಕಿ, ಮುಖಗಳನ್ನು ಫೇಸಿಂಗ್ ಮಾಡಿ ಅಗಲ 68ಕ್ಕೆ ತನ್ನಿ. ಹೆಡ್ ಟ್ಯೂಬಿನ ಎರಡೂ ಬಾಯಿಗಳನ್ನು ರೀಮ್ ಮಾಡಿ, ಅಂದರೆ ಒಳವ್ಯಾಸವನ್ನು ಸರಿಯಾದ ಅಳತೆಗೆ ಕೆರೆಯಿರಿ. ಹೆಡ್‌ಸೆಟ್ ಕಪ್ (ಬೇರಿಂಗ್ ಕೂರುವ ಬಟ್ಟಲು) ಬೆರಳಿನಿಂದ ಒತ್ತಿದರೆ ಒಳಗೆ ಹೋಗುವಂತಿದ್ದರೆ ಕೊರೆತ ಹೆಚ್ಚಾಗಿದೆ, ಪ್ರೆಸ್ಸಿನಿಂದಲೇ ಕೂರಬೇಕು. ಬೆಸುಗೆಯ ಬಿಸಿಗೆ ಸೀಟ್ ಟ್ಯೂಬಿನ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ, ಅದನ್ನೂ ರೀಮ್ ಮಾಡಿ, ಆಮೇಲೆ ಸೀಳಿ. ಸೀಳು ಮುಗಿಯುವ ಕಡೆ ಮೊದಲೇ 4ರ ತೂತು ಕೊರೆದಿರಲಿ. ಚೂಪಾಗಿ ನಿಂತ ಸೀಳಿನ ತುದಿಯಿಂದಲೇ ಬಿರುಕು ಕೆಳಗಿಳಿಯುತ್ತದೆ. ಶೆಲ್ಲಿನ ತಳಕ್ಕೆ ನೀರಿಳಿಯುವ ಒಂದು ತೂತು. ಟ್ಯೂಬುಗಳ ಒಳಗೆ ಕುದಿಸಿದ ಅಗಸೆ ಎಣ್ಣೆ ಸುರಿದು, ಫ್ರೇಮನ್ನು ಎಲ್ಲ ಕಡೆಗೂ ಹೊರಳಿಸಿ ಬಸಿಯುವ ಕೆಲಸ ಮಾತ್ರ ಬಣ್ಣದ ನಂತರಕ್ಕೆ ಇರಲಿ. ಮೊದಲೇ ಸುರಿದರೆ ಪೌಡರ್ ಕೋಟಿಂಗಿನ ಒಲೆಯಲ್ಲಿ ಅದು ಕಿಂಡಿಗಳಿಂದ ಜಿನುಗಿ ಬಣ್ಣ ಕೆಡಿಸುತ್ತದೆ.